ಸ್ವರ ಹಿಡಿದವಳು

ಆರು ಚಳಿಗಾಲ ಊರಿನ ಹಾಡುಗುಂಪಿಗೆ ಖೋಪೊತ್ಸೊಳೇ ಸ್ವರ ಕೊಟ್ಟಿದ್ದಳು. ಹಾಡಿಸುವ ಸೆಖೋಬೆ ಮೇಷ್ಟ್ರು ಕೈ ಎತ್ತುವ ಮೊದಲು ಅವಳ ಕಡೆ ನೋಡುತ್ತಿದ್ದರು. ಅವಳು ತನ್ನ ಬೂಟಿನ ತುದಿ ನೋಡುತ್ತ ಒಂದು ಗಳಿಗೆ ಉಸಿರು ಹಿಡಿದು, ಮೂಗಿನಲ್ಲೇ 'ಮ್' ಎನ್ನುತ್ತಿದ್ದಳು. ಅಷ್ಟೇ. ನಲವತ್ತು ಜನ ಅದರ ಮೇಲೆ ಕಾಲಿಟ್ಟು ಹಾಡು ಶುರುಮಾಡುತ್ತಿದ್ದರು. ಐದನೇ ತರಗತಿಗೆ ಶಾಲೆ ಬಿಟ್ಟು ಅಕ್ಕನ ಮಕ್ಕಳನ್ನು ಬೆಳೆಸಿದವಳು, ಅಂಗಡಿಯಲ್ಲಿ ಸೋಪು ಕೇಳುವುದಕ್ಕೂ ನಾಚುವವಳು. ಊರಿನವರು ಅವಳನ್ನು ತಿರುಗಿ ನೋಡುತ್ತಿದ್ದುದು ಆ ಒಂದು 'ಮ್'ಗಾಗಿ ಮಾತ್ರ.

ಈ ವರ್ಷ ಏಪ್ರಿಲ್‌ನಲ್ಲಿ ನ್ಯಾಕಲ್ಲೊ ರಾಜಧಾನಿ ಮಸೇರುವಿನಿಂದ ಊರ ಶಾಲೆಗೆ ಟೀಚರಾಗಿ ಬಂದು ಹಾಡುಗುಂಪು ಸೇರಿದಳು. ತಲೆಗೆ ಕೆಂಪು ಉಣ್ಣೆ ಟೋಪಿ, ಜೇಬಿನಲ್ಲಿ ಎರಡು ಕವಲಿನ ಉಕ್ಕಿನ ಕಡ್ಡಿ. ಮಂಡಿಗೆ ಬಡಿದು ಕಿವಿಗೆ ಹಿಡಿದರೆ ಅದು ಯಾವತ್ತೂ ಒಂದೇ ಸ್ವರ ಹೇಳುತ್ತದಂತೆ.

"ಇದ್ರಲ್ಲಿ ಮಾಂಸ ಚುಚ್ಕೊಂಡು ತಿನ್ನಬೋದಾ ಮಗಾ?" ಎಂದು ಲೆಬೆನ್ಯಾ ತಾತ ಕೇಳಿದ. ಮೂವತ್ತು ವರ್ಷ ಗಣಿಯಲ್ಲಿ ದುಡಿದು ಬಂದ ಅವನದು ಗುಂಪಿನಲ್ಲೇ ಅತಿ ತಗ್ಗಿನ ದನಿ.

"ತಿನ್ನಿ ತಾತ, ಹಲ್ಲಿದ್ರೆ," ಎಂದಳು ನ್ಯಾಕಲ್ಲೊ.

ಎಲ್ಲರೂ ನಕ್ಕರು. ಖೋಪೊತ್ಸೊಗೂ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಅಂದಿನಿಂದ ಸ್ವರ ಕೊಡುವವಳು ನ್ಯಾಕಲ್ಲೊ. "ನಿಂಗೂ ಒಂದು ಭಾರ ಇಳೀತಲ್ಲಮ್ಮ," ಎಂದರು ಮೇಷ್ಟ್ರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ವಾದ್ಯವಿಲ್ಲದೆ ಹಾಡುವವರ ಸ್ವರ, ಸುಸ್ತಾದ ಕತ್ತೆಯ ಬೆನ್ನ ಮೇಲಿನ ಮೂಟೆಯಂತೆ, ಮೆಲ್ಲಗೆ ಕೆಳಗೆ ಜಾರುವುದೇ ಹೆಚ್ಚು. ಈ ಗುಂಪಿನದು ಜಾರುತ್ತಿರಲಿಲ್ಲ. ಹಾಡು ಮುಗಿದೊಡನೆ ನ್ಯಾಕಲ್ಲೊ ಮತ್ತೆ ಕಡ್ಡಿ ಬಡಿದು ನೋಡುತ್ತಿದ್ದಳು. "ನಿಂತಲ್ಲೇ ನಿಂತಿದೀವಿ!" ಎಂದು ಅದನ್ನು ಎತ್ತಿ ತೋರಿಸಿದರೆ ಗುಂಪಿನವರು ಚಪ್ಪಾಳೆ ತಟ್ಟುತ್ತಿದ್ದರು. ಕಡ್ಡಿಗೆ!

ಕಡ್ಡಿ ಮೊದಲ ಸ್ವರ ಕೊಟ್ಟು ಜೇಬು ಸೇರುತ್ತದೆ. ಆಮೇಲೆ ಹಾಡಿನುದ್ದಕ್ಕೂ ಹೆಂಗಸರ ಕೆಳದನಿಯ ಸಾಲನ್ನು ಜಾರದಂತೆ ಹಿಡಿದು ನಿಲ್ಲಿಸುವವಳು ತಾನು ಎಂದು ಖೋಪೊತ್ಸೊಗೆ ಗೊತ್ತಿತ್ತು. ಪಕ್ಕದ ಮಾಮೋಸಾ ಅಜ್ಜಿ ಒರಗುವುದು ಅವಳ ದನಿಗೆ, ಅಜ್ಜಿಗೆ ಉಳಿದ ಹೆಂಗಸರು, ಅವರಿಗೆ ಗಂಡಸರು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೇ ಆಗಿತ್ತು ಕೂಡ. ಆ ಕೆಂಪು ಟೋಪಿ ಕಂಡರೆ ಸಾಕು, ಅವಳ ಎದೆಯಲ್ಲಿ ಹಸಿ ಬೆರಣಿಯ ಒಲೆ ಹೊಗೆಯಾಡುತ್ತಿತ್ತು.

ಜೂನ್ ತಿಂಗಳು, ಭೂಮಿಯ ಆ ದಕ್ಷಿಣದ ಮಗ್ಗುಲಲ್ಲಿ ನಡುಚಳಿಗಾಲ, ವರ್ಷದ ಅತಿ ಚಿಕ್ಕ ಹಗಲು. ಐದು ಊರಿನವರು ಚರ್ಚಿನ ಅಂಗಳದಲ್ಲಿ ಸೇರಿದ್ದರು. ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಜನ ಕಂಬಳಿ ಹೊದ್ದು, ಬಿಸಿ ಬಿಸಿ ಕರಿದ ಹಿಟ್ಟಿನುಂಡೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಕೂತಿದ್ದರು. ಕೊನೆಗೆ ಉಳಿದದ್ದು ಸೂರ್ಯನನ್ನು ವಾಪಸು ಕರೆಯುವ ಹಾಡು. ಮೇಷ್ಟ್ರೇ ಕಟ್ಟಿದ್ದು, ನಾಲ್ಕು ಚರಣ.

ನ್ಯಾಕಲ್ಲೊ ಕಡ್ಡಿ ಬಡಿದು ಸ್ವರ ಕೊಟ್ಟಳು. ಇವತ್ತು ನಾನು ಹಿಡಿಯುವುದಿಲ್ಲ ಎಂದುಕೊಂಡಳು ಖೋಪೊತ್ಸೊ. ಕೆಳಗೆ ಎಳೆಯುವುದೂ ಇಲ್ಲ, ತಪ್ಪು ಹಾಡುವುದೂ ಇಲ್ಲ, ಸಾಲಿನ ಜೊತೆ ಮೆಲ್ಲಗೆ ಹೋಗುವುದಷ್ಟೇ. ಕಡ್ಡಿಯೇ ಹಿಡಿಯಲಿ.

ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ, ಒರಗಿದ್ದ ಗೋಡೆ ಸರಿದಂತೆ, ಮಾಮೋಸಾ ಅಜ್ಜಿಯ ದನಿ ವಾಲಿತು. ಸಾಲೂ ಅವಳೊಂದಿಗೆ ವಾಲಿತು. ಚರಣ ಮುಗಿದು ಉಸಿರು ತೆಗೆಯುವಾಗ ಅಜ್ಜಿ ಚಿವುಟಿದಳು.

"ಏನೇ ಆಯ್ತು ನಿಂಗೆ? ಎಲ್ಲೋದೆ?"

"ಇಲ್ಲೇ ಇದೀನಲ್ಲಜ್ಜಿ."

ಮೂರನೆಯ ಚರಣಕ್ಕೆ ಹಾಡು ನೆಂದ ಕಂಬಳಿಯಷ್ಟು ಭಾರವಾಯಿತು. ಹಿಂದಿನ ಸಾಲಿನಲ್ಲಿ ಲೆಬೆನ್ಯಾ ತಾತ, "ಗಣೀಲೂ ಇಷ್ಟು ಕೆಳಗೆ ಇಳ್ದಿರ್ಲಿಲ್ಲ ಕಣ್ರೋ," ಎಂದು ಗೊಣಗಿದ. ಆಗ ಮುಂದಿದ್ದ ನ್ಯಾಕಲ್ಲೊ ತಿರುಗಿದಳು. ಮೇಷ್ಟ್ರನ್ನು ನೋಡಲಿಲ್ಲ, ಜೇಬಿಗೂ ಕೈ ಹಾಕಲಿಲ್ಲ. ನೇರ ಎರಡನೇ ಸಾಲಿನ ಖೋಪೊತ್ಸೊಳನ್ನೇ ನೋಡಿದಳು. ನೀರಿಗೆ ಬಿದ್ದವರು ದಡದಲ್ಲಿ ನಿಂತವರನ್ನು ನೋಡುವ ಹಾಗೆ.

ಇವಳಿಗೆ ಗೊತ್ತು, ಎಂದು ಖೋಪೊತ್ಸೊಗೆ ಹೊಳೆಯಿತು. ಗೊತ್ತಿದ್ದೂ ಕಡ್ಡಿ ಎತ್ತಿ ತೋರಿಸಿದ್ದಾಳೆ.

ನೋಡಲಿ, ಇನ್ನಷ್ಟು ನೋಡಲಿ ಎನ್ನಿಸಿತು. ಅರ್ಧ ಚರಣ ಹಾಗೇ ಬಿಟ್ಟಳು. ಆದರೆ ತಾತನ ಬಾಯಿ ತೆರೆದೇ ಇತ್ತು, ಅಷ್ಟು ತಗ್ಗಿನಲ್ಲಿ ದನಿ ಬರುತ್ತಿರಲಿಲ್ಲ. ಅಜ್ಜಿ ಅವಳ ಕಂಬಳಿಯ ಅಂಚನ್ನು ಭದ್ರವಾಗಿ ಹಿಡಿದುಕೊಂಡಿದ್ದಳು. ಕೂತಿದ್ದ ಐದೂರಿನ ಜನ, ಮಕ್ಕಳು ಮರಿ ಸಮೇತ, ಆ ಜಾರುವ ಸ್ವರಕ್ಕೇ ದನಿ ಸೇರಿಸತೊಡಗಿದ್ದರು. ಅವರ್‍ಯಾರೂ ಕಡ್ಡಿಗೆ ಚಪ್ಪಾಳೆ ತಟ್ಟಿದವರಲ್ಲ.

ನಾಲ್ಕನೆಯ ಚರಣವನ್ನು ಹೆಂಗಸರ ಕೆಳದನಿಯೇ ಎತ್ತಿಕೊಳ್ಳಬೇಕು. ಅದಕ್ಕೆ ಮುಂಚೆ ಒಂದು ಉಸಿರಿನಷ್ಟು ಮೌನ. ಆ ಮೌನದಲ್ಲಿ ಖೋಪೊತ್ಸೊ ಮೊದಲಿನ ಸ್ವರವನ್ನು ಹುಡುಕಿದಳು. ಇಟ್ಟ ಜಾಗದಲ್ಲೇ ಇತ್ತು. ಅಲ್ಲಿಂದಲೇ ಎತ್ತಿದಳು. ಸಾಲು ಬೆಚ್ಚಿ ಅವಳ ಹಿಂದೆ ಏರಿತು, ಗಂಡಸರು ಏರಿದರು, ಅಂಗಳವೇ ಏರಿತು.

"ಬಂತು ನೋಡ್ರೋ ಬಿಸ್ಲು!" ಎಂದು ಯಾರೋ ಕೂಗಿದರು.

ಹಾಡು ಮುಗಿದಾಗ ನ್ಯಾಕಲ್ಲೊ ಕಡ್ಡಿ ಬಡಿದಳು. ಅದೇ ಸ್ವರ. "ನಿಂತಲ್ಲೇ ನಿಂತಿದೀವಿ!" ಎಂದು ಮೇಷ್ಟ್ರೇ ಕುಣಿದರು. ಮತ್ತೆ ಕಡ್ಡಿಗೇ ಚಪ್ಪಾಳೆ. "ಇನ್ನೊಂದ್ಸಲ! ಇನ್ನೂ ಹೊತ್ತಿದೆ!" ಎಂದು ಜನ ಗಲಾಟೆ ಎಬ್ಬಿಸಿದರು.

ಆ ಗದ್ದಲದಲ್ಲಿ ನ್ಯಾಕಲ್ಲೊ ಎರಡನೇ ಸಾಲಿನ ಹತ್ತಿರ ಬಂದಳು.

"ಬೇಕಂತ್ಲೇ ಬಿಟ್ಟೆ ಅಲ್ವಾ ಅಕ್ಕ?"

"ಹೂಂ."

"ಹಿಡಿಯೋಳು ನೀನೇ ಅಂತ ಮೂರನೇ ದಿನಾನೇ ಗೊತ್ತಾಗಿತ್ತು ನಂಗೆ."

"ಮತ್ತೆ ಯಾರಿಗೂ ಹೇಳ್ಲಿಲ್ಲ?"

ನ್ಯಾಕಲ್ಲೊ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. "ನಂಗೆ ಈ ಕಬ್ಬಿಣ ಬೇಕು. ನಿಂಗೆ ಬೇಡ. ಅದಕ್ಕೇ ನಂಗೆ ಹೊಟ್ಟೆ ಉರೀತಿತ್ತು. ಸಾಕಾ?"

ಸಾಕಾಗಿರಲಿಲ್ಲ. ಆದರೂ ಬಿಸಿ ಹಿಟ್ಟಿನುಂಡೆ ನುಂಗಿದಂತೆ ಖೋಪೊತ್ಸೊಳ ಎದೆ ಬೆಚ್ಚಗಾಯಿತು.

ಮೇಷ್ಟ್ರು ಕೈ ಎತ್ತಿದರು. ನ್ಯಾಕಲ್ಲೊ ಕಡ್ಡಿಯನ್ನು ಮಂಡಿಯವರೆಗೆ ಒಯ್ದವಳು ಬಡಿಯಲಿಲ್ಲ. ಜೇಬಿಗೆ ಹಾಕಿ, ಐದೂರಿನವರ ಎದುರಿಗೇ ತಿರುಗಿ ನಿಂತು, ಎರಡನೇ ಸಾಲಿನ ಕಡೆ ನೋಡಿದಳು. ಮೇಷ್ಟ್ರು ನೋಡಿದರು. ಎಲ್ಲರೂ ನೋಡಿದರು.

ಖೋಪೊತ್ಸೊ ಬೂಟಿನ ತುದಿ ನೋಡಿಕೊಂಡಳು. ಸ್ವರ ಆಗಲೇ ಸಿದ್ಧವಿತ್ತು. ಆದರೂ ನ್ಯಾಕಲ್ಲೊಳನ್ನು ಕಾಯಿಸಿದಳು. ಒಂದು ಉಸಿರು, ಇನ್ನೊಂದು ಉಸಿರು, ಕೆಂಪು ಟೋಪಿಯವಳು ಕಾಲು ಬದಲಿಸಿ ನಿಲ್ಲುವವರೆಗೂ.

ಆಮೇಲೆ 'ಮ್' ಎಂದಳು.