ಮಗಳ ಪಾಲು

ಗೋರಿಯ ಮೇಲಿನ ಮುಳ್ಳು ಸವರಲು ಸೋದರಮಾವ ಕುಡುಗೋಲು ಎತ್ತಿದ್ದೇ ತಡ, ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಮುಟ್ಟಬೇಡ ಮಾವ. ಅದು ನನ್ನ ಪಾಲು.”

ಮಾವ ತಬ್ಬಿಬ್ಬಾದ. ಇನ್ನೇನು ಅಕ್ಕನ ಹೆಣ ಬರುವ ಹೊತ್ತು, ನಾಲ್ಕು ಜನ ನೋಡಿದರೆ ಏನೆಂದಾರು ಎಂದು ಗೊಣಗಿದ. ಅವನು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಅಪ್ಪನ ಗೋರಿಯ ಎಡಭಾಗದಲ್ಲಿ ನೀಲಿ ಹೂ ಮೈತುಂಬ ಅರಳಿತ್ತು. ಬಲಭಾಗದಲ್ಲಿ ಮೊಣಕಾಲೆತ್ತರ ಮುಳ್ಳು. ಅದು ಮಗಳ ಪಾಲು ಎಂದು ಊರಿಗೆಲ್ಲ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಚಪ್ಪರಿಸಿಕೊಂಡು ನೋಡಿದವರು ಇವತ್ತೂ ಕಣ್ತುಂಬ ನೋಡಿಕೊಳ್ಳಲಿ ಎಂದುಕೊಂಡಳು.

ಅಮ್ಮ ಆ ಸ್ಮಶಾನದ ಗಿಡಮರ ನೋಡಿಕೊಳ್ಳುತ್ತಿದ್ದವಳು. ಸತ್ತವರಿಗಿಂತ ಅಳುತ್ತ ಬಂದವರ ಆರೈಕೆಯೇ ಅವಳಿಗೆ ಹೆಚ್ಚು. ಕೈಗೆ ಗುದ್ದಲಿ ಕೊಟ್ಟು, ಅವರವರ ಗೋರಿಯ ಕಳೆ ಕೀಳಲು ಕೂರಿಸುತ್ತಿದ್ದಳು. ಈಗ ಅವಳದೇ ಹೆಣ ಬಂತು, ಹಿಂದೆಯೇ ಅವರೆಲ್ಲ ಬಂದರು. ಬೇಕರಿಯವನು ಮಗಳ ಪಕ್ಕ ನಿಂತು ಮೂಗೊರೆಸಿಕೊಂಡ.

“ನನ್ನ ಹೆಂಡ್ತಿ ಹೋದಾಗ ನಾನು ಹಾಸಿಗೆ ಬಿಟ್ಟು ಏಳ್ತಾನೇ ಇರಲಿಲ್ಲ. ನಿಮ್ಮಮ್ಮ ಮನೆಗೇ ಬಂದು ಬೈದ್ರು. ಬೈಯೋಕಾದ್ರೂ ಒಬ್ರಿದ್ದಾರಲ್ಲ ಅಂತ ಎದ್ದೆ.”

ಅವಳಿಗೆ ಮೈಯೆಲ್ಲ ಉರಿಯಿತು. ಊರವರಿಗೆಲ್ಲ ಅಮ್ಮ, ತನಗೆ ಮಾತ್ರ ಮುಳ್ಳು.

*

ಅಪ್ಪನಿಗೆ ಒಪ್ಪಿಗೆಯಿಲ್ಲದ ಮದುವೆ ಅವಳದು. ಸಾಯುವವರೆಗೂ ಅವನು ಅವಳನ್ನು ಮಾತಾಡಿಸಲಿಲ್ಲ. ಅವನನ್ನು ಹೂತ ಮೇಲೆ ಅಮ್ಮ ಗೋರಿಯ ಮೇಲೆ ಗೆರೆ ಎಳೆದು, ಅರ್ಧ ನನ್ನದು, ಅರ್ಧ ನಿನ್ನದು ಎಂದಳು. ಒಬ್ಬರ ಪಾಲಿನ ಕಳೆಗೆ ಇನ್ನೊಬ್ಬರು ಕೈ ಹಾಕಬಾರದೆಂಬುದು ಅಲ್ಲಿ ಅವಳು ಎಲ್ಲರಿಗೂ ಮಾಡಿದ್ದ ಕಟ್ಟಳೆ.

“ನನಗೆ ಅವನ ಮೇಲೆ ಸಿಟ್ಟಿದೆ ಅಮ್ಮ.”

“ಇರಲಿ. ಕಳೆ ಕೀಳೋಕೆ ಪ್ರೀತಿ ಯಾಕೆ, ಸಿಟ್ಟೇ ಸಾಕು.”

ಮಗಳು ಬೆನ್ನು ತಿರುಗಿಸಿ ಹೋದಳು. ಅಮ್ಮನೂ ಹಟ ಬಿಡಲಿಲ್ಲ, ಆ ಕಡೆಯ ಒಂದು ಹುಲ್ಲುಕಡ್ಡಿಯನ್ನೂ ಕೀಳಲಿಲ್ಲ.

*

ಅಮ್ಮನನ್ನು ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಜನ ಕರಗಿದ ಮೇಲೆ ಮಾವ ಮೆಲ್ಲಗೆ ಮಾತು ತೆಗೆದ. ಇನ್ನು ನೋಡಿಕೊಳ್ಳುವವರು ಯಾರು, ಎರಡರ ಮೇಲೂ ಸಿಮೆಂಟು ಹಾಕಿಸಿಬಿಟ್ಟರೆ ಅವಳಿಗೂ ತಾಪತ್ರಯ ತಪ್ಪುತ್ತದೆ, ಗಾರೆಯವನು ಗೇಟಿನ ಹತ್ತಿರವೇ ಇದ್ದಾನೆ ಎಂದ.

“ಹಾಕಿಸು,” ಎಂದಳು ಅವಳು. “ಪೀಡೆ ಕಳೀಲಿ.”

ಗಾರೆಯವನು ಬಂದು ನೋಡಿ, ಮೊದಲು ಮುಳ್ಳು ತೆಗೆಯಬೇಕು, ಬೇರು ಉಳಿದರೆ ಸಿಮೆಂಟು ಬಿರುಕು ಬಿಡುತ್ತದೆ ಎಂದು ಹೇಳಿ ಕಲಸಲು ಹೋದ. ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಳು. ಮೊದಲ ಗಿಡಕ್ಕೇ ಅಂಗೈ ಹರಿಯಿತು.

“ಒಂದು ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದಳು ಮಣ್ಣಿಗೆ. ಇನ್ನೊಂದು ಗಿಡ ಕಿತ್ತಳು. “ಮೊಮ್ಮಗಳನ್ನ ಬಾಗಿಲ ತನಕ ಕರ್ಕೊಂಡು ಬಂದಿದ್ದೆ. ನೀನು ಒಳಗೇ ಕೂತು ಕೆಮ್ಮಿದೆ. ನನಗೆ ಕೇಳಿಸ್ತು ಅಪ್ಪ.”

ಮಾವ ಹತ್ತಿರ ಬರಲು ಹೋಗಿ ನಿಂತ. ಅವಳು ಅಪ್ಪನನ್ನು ಬೈದಳು, ಅಮ್ಮನನ್ನು ಬೈದಳು, ಕಿತ್ತ ಜಾಗವನ್ನೇ ಮತ್ತೆ ಬೆರಳಿನಿಂದ ಕೆದಕಿ ಬೇರು ಹುಡುಕಿ ಬೈದಳು. ಕೀಳಲು ಏನೂ ಉಳಿಯದ ಮೇಲೂ ಏಳಲಿಲ್ಲ.

ಗಾರೆಯವನು ತಳ್ಳುಗಾಡಿ ತಂದು ಸ್ವಲ್ಪ ದೂರದಲ್ಲಿ ನಿಲ್ಲಿಸಿದ. ಮಾವ ಅವನ ತೋಳು ಹಿಡಿದ. ಇಬ್ಬರೂ ಅಲ್ಲೇ ಕೂತರು. ಅವಳ ಬೈಗುಳ ಇನ್ನೂ ಮುಗಿದಿರಲಿಲ್ಲ. ಗಾಡಿಯೊಳಗೆ ಕಲಸಿದ ಸಿಮೆಂಟು ಗಟ್ಟಿಯಾಗುತ್ತಿತ್ತು.