ನಮೂನೆಯ ಏಳನೇ ಕಾಲಂ

ನನಗೆ ಸಿಟ್ಟಿರುವುದು ಪ್ರೊಫೆಸರ್ ಪಂಚಾಕ್ಷರಪ್ಪನವರ ಮೇಲಷ್ಟೇ ಅಲ್ಲ, ನನ್ನ ಬಾಯಿಯ ಮೇಲೂ. ಹುಟ್ಟಿದಾಗಿನಿಂದ ಅದಕ್ಕೆ ಬೀಗವೇ ಇಲ್ಲ.

೧೯೭೯ರಲ್ಲಿ ಎಂ.ಎ. ಮುಗಿಸಿ ಕೂತಿದ್ದ ನನ್ನನ್ನು ವಿಶ್ವವಿದ್ಯಾಲಯದ ಕಲಾ ಇತಿಹಾಸ ಸಂಶೋಧನಾ ಕೇಂದ್ರಕ್ಕೆ ಕರೆದವರು ಅವರೇ. “ದೇಶದ ಕಲೆ ಅಂದ್ರೆ ಬರೀ ದೊಡ್ಡ ಗುಡಿಗಳಲ್ಲ ರುದ್ರಾಣಿ. ಹಳ್ಳಿ ಹೆಂಗಸ್ರು ಮುಚ್ಚಿಟ್ಟಿರೋದೂ ಐತೆ” ಎಂದಾಗ ಕಾಲಿಗೆ ಬೀಳುವಷ್ಟು ಗೌರವ ಬಂದಿತ್ತು. ಊರೂರು ತಿರುಗಿ, ಹಳೆಯ ವಿಗ್ರಹಗಳ ಫೋಟೊ ತೆಗೆದು, ಒಂದೊಂದಕ್ಕೂ ನಮೂನೆ ತುಂಬುವುದು ನನ್ನ ಕೆಲಸ. ಏಳನೇ ಕಾಲಂ ಹೀಗಿತ್ತು: ವಸ್ತು ಇಟ್ಟಿರುವ ನಿಖರ ಜಾಗ.

ಬಿಳಿಚೋಡಿನ ಭೀಮಕ್ಕನ ಮನೆಯಲ್ಲಿ ಗ್ರಾಮದೇವತೆಯ ಹಿತ್ತಾಳೆ ಮುಖವಿತ್ತು. ಅದನ್ನು ಮುಟ್ಟುವುದು, ಬಚ್ಚಿಡುವುದು ಆ ಮನೆಯ ಹೆಂಗಸರು ಮಾತ್ರ. ಅತ್ತೆ ಸಾಯುವ ಮುಂಚೆ ಸೊಸೆಯ ಕಿವಿಯಲ್ಲಿ ಜಾಗ ಹೇಳಬೇಕು, ಗಂಡನಿಗೂ ಗೊತ್ತಾಗಬಾರದು. ಭೀಮಕ್ಕ ಗಂಡಸರನ್ನೆಲ್ಲ ಹೊರಗಟ್ಟಿ, ಬಾಗಿಲು ಹಾಕಿ, ನೆಲದೊಳಗಿನ ಕಾಳಿನ ಹಗೇವಿಗೆ ಇಳಿದು ತೆಗೆದು ತೋರಿಸಿದಳು.

“ಇದು ನನ್ನ ಕೈಯಾಗೆ ಕಳೆದುಹೋದ್ರೆ ನಾನು ಬದುಕಲ್ಲವ್ವ” ಎಂದಳು. ಹೊರಡುವಾಗ ನನ್ನ ಕೈ ಹಿಡಿದು, “ಇನ್ನು ನಿನ್ನ ಹೆಸರು ಹೇಳ್ಕೊಂಡು ಯಾವ ಹೆಣ್ಮಗಳು ಬಂದ್ರೂ ತೋರಿಸ್ತೀನಿ ಬಿಡು” ಎಂದಳು.

ಕೇಂದ್ರಕ್ಕೆ ಬಂದವಳೇ ಆ ಮಾತನ್ನು ಪಂಚಾಕ್ಷರಪ್ಪ ಸಾರ್ ಮುಂದೆ ಜಂಬ ಕೊಚ್ಚಿಕೊಂಡೆ. ಹಗೇವಿನ ಸುದ್ದಿಯೊಂದನ್ನು ಮಾತ್ರ ಹೇಳಿರಲಿಲ್ಲ, ನಮೂನೆಯಲ್ಲಿ ಬರೆದರಾಯಿತೆಂದು ಬಿಟ್ಟಿದ್ದೆ.

ಅದೇ ವಾರ ನ್ಯಾಮತಿಯಿಂದ ಓಬಳಪ್ಪನವರ ಕಾಗದ ಬಂತು. ನಾನು ಫೋಟೊ ತೆಗೆದಿದ್ದ ಅವರ ತಾಮ್ರದ ನಂದಿ ಕಳುವಾಗಿತ್ತು. ನಾನೇ ನಮೂನೆ ತುಂಬಿದ್ದ ಹೊನ್ನಾಳಿ ಕಡೆಯ ಕಂಚಿನ ದೀಪ ಕಳುವಾಗಿ ಆಗಲೇ ಎರಡು ತಿಂಗಳು. ನನ್ನ ಕಾರ್ಬನ್ ಪ್ರತಿಗಳನ್ನು ತೆಗೆದೆ. ಹೋದ ಎರಡಕ್ಕೂ ಏಳನೇ ಕಾಲಂ ತುಂಬಿತ್ತು. ಚನ್ನಗಿರಿಯ ವಿಗ್ರಹವೊಂದರ ನಮೂನೆಯಲ್ಲಿ ಮಾತ್ರ ಆ ಕಾಲಂ ನನ್ನ ಸೋಮಾರಿತನದಿಂದ ಖಾಲಿ. ಆ ವಿಗ್ರಹ ಇನ್ನೂ ಇತ್ತು. ಅದನ್ನು ತುಂಬಲಿಲ್ಲವೆಂದು ಸಾರ್ ಮೂರು ಸಲ ಬೈದಿದ್ದರು. ಅಸಲು ನಮೂನೆಗಳಿರುವ ಬೀರುವಿನ ಕೀಲಿ ಅವರೊಬ್ಬರ ಜೇಬಿನಲ್ಲಿ.

ಛೇ, ಅನ್ನ ಕೊಟ್ಟವರನ್ನೇ ಅನುಮಾನಿಸುವುದಾ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಭೀಮಕ್ಕನ ನಮೂನೆಯಲ್ಲಿ ಒಂದು ಸುಳ್ಳು ಬರೆದೆ: ‘ಅಳತೆಗಾಗಿ ನನ್ನ ಕೈಗೆ ಕೊಟ್ಟಿದ್ದಾರೆ. ಸದ್ಯ ಹೊನ್ನಾಳಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಹಿಟ್ಟಿನ ಗುಡಾಣದೊಳಗೆ.’ ಸಾರ್ ಕೈಗೇ ಕೊಟ್ಟು ಊರಿಗೆ ಬಂದೆ. ಯಾರೂ ಬರದಿರಲಿ ಎಂದು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ.

ಭಾನುವಾರ ಮಧ್ಯಾಹ್ನ ಸಾರ್ ಬಂದರು. ಕೈಯಲ್ಲಿ ಬಾಳೆಹಣ್ಣು. ಒಮ್ಮೆಯೂ ನಮ್ಮ ಮನೆಗೆ ಬಂದವರಲ್ಲ.

“ಅಯ್ಯೋ, ನಮ್ಮ ಪುಣ್ಯ! ಬರ್ರಿ, ಬರ್ರಿ” ಎಂದು ಅವ್ವ ಸಂಭ್ರಮಪಟ್ಟಳು. ಊಟಕ್ಕೆಂದು ಹಿತ್ತಲಿಗೆ ಎಲೆ ಕೊಯ್ಯಲು ಹೋದಳು. ಸಾರ್ ನೀರು ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನೇರ ಅಡುಗೆಕೋಣೆಗೆ ಹೋಗಿ ಗುಡಾಣದ ಮುಚ್ಚಳ ತೆಗೆದು, ಮೊಣಕೈವರೆಗೂ ಕೈ ಇಳಿಸಿದರು. ಕೈ ಹೊರಬಂದಾಗ ಬರೀ ಜೋಳದ ಹಿಟ್ಟು.

ಅವರು ಸಿಟ್ಟಾಗಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ಕೇಳಿದಾಗ ನಗುವಂತೆ ನಕ್ಕರು.

“ಹಂಗಾದ್ರೆ ಅಲ್ಲೇ ಐತೆ. ನನಗೂ ಹಂಗೇ ಅನಿಸಿತ್ತು. ಅದಕ್ಕೇ ಬೆಳಿಗ್ಗೆನೇ ಜೀಪಿನಾಗೆ ಒಬ್ಬ ಹೆಣ್ಮಗಳನ್ನ ಬಿಳಿಚೋಡಿಗೆ ಕಳಿಸೀನಿ.”

“ಸಾರ್... ಭೀಮಕ್ಕ ಯಾರಿಗೂ ತೋರಿಸಲ್ಲ.”

“ನಿನ್ನ ಹೆಸರು ಹೇಳು ಅಂದೀನಿ.”

ಪಾಪಿ! ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ನಾನು ತಲುಪುವುದರೊಳಗೆ ಸಂಜೆ. ಭೀಮಕ್ಕ ಇಷ್ಟೊತ್ತಿಗೆ ಗಂಡಸರನ್ನು ಹೊರಗಟ್ಟಿ ಬಾಗಿಲು ಹಾಕಿರುತ್ತಾಳೆ.

ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣದ ಕಡೆ ಓಡಿದೆ. ಹಿಂದಿನಿಂದ ಅವ್ವನ ದನಿ ಕೇಳಿಸಿತು: “ಗುರುಗಳು ಬಂದಾಗ ಎಲ್ಲಿಗೆ ಓಡ್ತೀಯೇ? ಸಾರ್, ನೀವು ಕೈ ತೊಳ್ಕಳ್ರಿ, ಬಡಿಸ್ತೀನಿ.”