ನಾಗಲಿಂಗಮ್ಮನ ಮೊಳ

ಹಡಗಲಿಯ ಮಹಬೂಬ್ ಸಾಬರ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುವ ಏಳೆಂಟು ಹೆಂಗಸರಿದ್ದರು. ಅವರಲ್ಲಿ ನಾಗಲಿಂಗಮ್ಮನಷ್ಟು ಚುರುಕು ಕೈ ಇನ್ನೊಂದಿಲ್ಲ ಎಂದು ನಾಗಲಿಂಗಮ್ಮನೇ ಹೇಳುತ್ತಿದ್ದಳು. ಸುಳ್ಳೇನಲ್ಲ. ಹತ್ತೂವರೆಯ ಹರಪನಹಳ್ಳಿ ಬಸ್ಸಿಗೆ ಹೂವಿನ ಪುಟ್ಟಿ ಏರುವಷ್ಟರಲ್ಲಿ ಮೂವತ್ತು ಮೊಳ ಕಟ್ಟಿ, ಪಕ್ಕದ ಹಂಪಕ್ಕನ ಮಡಿಲ ಕಡೆ ಕಣ್ಣು ಹಾಯಿಸುವಳು. ಅಲ್ಲಿ ಇಪ್ಪತ್ತೆಂಟಿದ್ದರೆ ಅವತ್ತು ಮಧ್ಯಾಹ್ನ ರೊಟ್ಟಿ ಒಂದು ಹೆಚ್ಚೇ ಇಳಿಯುತ್ತಿತ್ತು. ಮೂವತ್ತೊಂದಿದ್ದರೆ ಮುಗಿಯಿತು, ಗಂಡ ಹಾಲಸ್ವಾಮಿ ಮನೆಯಲ್ಲಿ ಕೆಮ್ಮುವುದಕ್ಕೂ ಹಿಂದೆ ಮುಂದೆ ನೋಡಬೇಕಿತ್ತು. ಹತ್ತು ವರ್ಷದಿಂದ ಇವಳ ದಿನ ಚೆನ್ನಾಗಿತ್ತೋ ಇಲ್ಲವೋ ಎಂಬುದು ಹಂಪಕ್ಕನ ಕೈಯಲ್ಲಿತ್ತು. ಪಾಪ, ಅದು ಹಂಪಕ್ಕನಿಗೆ ಗೊತ್ತೂ ಇರಲಿಲ್ಲ.

ತೊಂಬತ್ತೇಳನೇ ಇಸವಿಯ ಸಂಕ್ರಾಂತಿ ಕಳೆದ ವಾರ ಎಮ್ಮೆಗೆ ಜೋಳದ ಸೊಪ್ಪೆ ಕತ್ತರಿಸುವಾಗ, ಮೇವಿನ ಯಂತ್ರ ಅವಳ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಅರ್ಧಕ್ಕೆ ತಿಂದುಹಾಕಿತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕೈಗೆ ಸೆರಗು ಸುತ್ತಿಕೊಂಡು ಓಡಾಡಿದಳು. ಹೂ ಕಟ್ಟುವಾಗ ದಾರದ ಕುಣಿಕೆ ನಿಲ್ಲುವುದೇ ಆ ಎರಡು ಬೆರಳ ಮೇಲೆ. ಸಾಬರ ನಿಯಮವೂ ಕಟ್ಟುನಿಟ್ಟು: ಬಸ್ಸು ಬರುವುದರೊಳಗೆ ಹತ್ತು ಮೊಳವಾದರೂ ಕಟ್ಟದವರಿಗೆ ಪಡಸಾಲೆಯಲ್ಲಿ ಜಾಗವಿಲ್ಲ. ಮೊಗ್ಗು ಬಿರಿದುಬಿಟ್ಟರೆ ಹರಪನಹಳ್ಳಿಯಲ್ಲಿ ಕೇಳುವವರಿಲ್ಲ, ಅವರಾದರೂ ಏನು ಮಾಡಿಯಾರು!

ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ ನಾಗಲಿಂಗಮ್ಮ ಹಟ ಹಿಡಿದು ಪಡಸಾಲೆಗೆ ಬಂದಳು. ಎಲ್ಲರಿಗಿಂತ ಒಂದು ತಾಸು ಮೊದಲೇ ಕೂತು, ಉಳಿದ ಬೆರಳುಗಳಲ್ಲಿ ಒದ್ದಾಡಿ, ಮೊಗ್ಗಿಗೂ ಮೊಗ್ಗಿಗೂ ನಡುವೆ ಅಂತರ ಬಿಟ್ಟು ಹೇಗೋ ಕಟ್ಟಿದಳು. ವಾಡಿಕೆಯಂತೆ ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಎಣಿಸಿ, "ಹತ್ತು!" ಎಂದು ಕೂಗಿದಳು. ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಅವತ್ತು ಮದುವೆಯವರ ಆರ್ಡರ್ ಇದ್ದದ್ದರಿಂದ ಸಾಬರು ಎಲ್ಲರ ಹೂವನ್ನೂ ತಮ್ಮ ಕೈಯಿಂದಲೇ ಅಳೆಯುತ್ತಿದ್ದರು.

"ಎಂಟು ಆಗ್ತಾವಲ್ಲ ನಾಗಲಿಂಗಮ್ಮಾರ," ಎಂದರು ಸಾಬರು, ಎರಡನೇ ಸಲ ಅಳೆದು.

"ಹತ್ತು ಅದಾವ್ರಿ ಸಾಬ್ರ! ನಾನs ಎಣಿಸೀನಿ."

"ಬೆರಳು ಹೋದ್ರೂ ಕೈಚಳಕ ಹೋಗಿಲ್ಲ ಬಿಡವಾ," ಎಂದಳು ಹಂಪಕ್ಕ. ಪಡಸಾಲೆಯೆಲ್ಲ ನಕ್ಕಿತು. ನಾಗಲಿಂಗಮ್ಮನಿಗೆ ಭೂಮಿ ಬಾಯಿ ತೆರೆದಿದ್ದರೆ ಸಾಕಿತ್ತು ಅನ್ನಿಸಿತು. ಹೂವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಹಿತ್ತಲ ಕಟ್ಟೆಯ ಮೇಲೆ ಕೂತು ಎರಡೂ ಕೈಗಳನ್ನು ಜೋಡಿಸಿ ಮುಂದೆ ಚಾಚಿದಾಗ ವಿಷಯ ಗೊತ್ತಾಯಿತು. ಎಡಗೈಗಿಂತ ಬಲಗೈ ಮೂರು ಬೆರಳಗಲ ಗಿಡ್ಡ. ಮೊಳ ಮುಗಿಯುವುದೇ ನಡುಬೆರಳ ತುದಿಗೆ; ಅದೇ ಅರ್ಧವಾದ ಮೇಲೆ ಮೊಳವೆಲ್ಲಿ ಪೂರಾ ಆದೀತು? ಇಷ್ಟು ವರ್ಷದ ರೂಢಿ, ಕೈ ತಾನಾಗಿ ಅಳೆದುಬಿಟ್ಟಿತ್ತು.

"ಹಂಗಂತ ಹೋಗಿ ಹೇಳು ಅವರಿಗೆ. ಕಳ್ಳಿ ಅನಿಸ್ಕೊಂಡು ಬಂದಿಯಲ್ಲ," ಎಂದ ಹಾಲಸ್ವಾಮಿ.

"ಹೇಳಿದ್ರೂ ಎಂಟು ಎಂಟs ಅಲ್ಲೇನು?" ಎಂದಳು ನಾಗಲಿಂಗಮ್ಮ. ಸಿಟ್ಟು ಹಂಪಕ್ಕನ ಮೇಲಿತ್ತು, ನಿಜ. ಆದರೆ ಬಿಚ್ಚಿ ಹೇಳಬೇಕೆಂದರೆ, ಆ ಎಂಟೂ ಜಾಳುಜಾಳಾಗಿದ್ದವು. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಮರುದಿನ ಬೆಳಿಗ್ಗೆ ಹಿತ್ತಲಿನ ತನ್ನ ಗಿಡಗಳ ಮೊಗ್ಗನ್ನೇ ಕಿತ್ತು ಕೂತಳು. ದಾರದ ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿ, ಕುಣಿಕೆಯನ್ನು ಉಂಗುರದ ಬೆರಳಿಗೆ ಹಾಕುವುದನ್ನು ಹೊಸದಾಗಿ ಕಲಿತಳು. ನಲವತ್ತರ ವಯಸ್ಸಿನಲ್ಲಿ ಹೂ ಕಟ್ಟಲು ಕಲಿಯುವುದೆಂದರೆ ನಗೆಪಾಟಲು. ಅವಳೂ ಒಂದೆರಡು ಸಲ ನಕ್ಕಳು, ಒಂದೆರಡು ಸಲ ಮೊಗ್ಗನ್ನು ಎಮ್ಮೆಯ ಮುಂದೆ ಎಸೆದಳು. ಹತ್ತೂವರೆಯ ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ಒತ್ತಾಗಿ ಕಟ್ಟಿದ್ದು ನಾಲ್ಕೇ ಮೊಳ. ಅಳೆದದ್ದು ಮಾತ್ರ ಬೇಕೆಂದೇ ಆ ಗಿಡ್ಡ ಕೈಯಿಂದ. ಕಟ್ಟಿದ್ದು ಈ ಕೈ, ನಿನ್ನೆಗೂ ಇವತ್ತಿಗೂ ಅಳತೆ ಈ ಕೈಯದೇ ಇರಲಿ ಎಂದುಕೊಂಡಳು.

ಐದಾಯಿತು. ಹತ್ತು ದಿನ ಐದೇ ಆಯಿತು. ಏಳು ತುಂಬಿದ ದಿನ ಗಂಡನನ್ನು ಕರೆದು ತೋರಿಸಿದಳು. ಅವನಿಗೆ ಏಳಕ್ಕೂ ಐದಕ್ಕೂ ವ್ಯತ್ಯಾಸ ಕಾಣಲಿಲ್ಲ, ಬೈಸಿಕೊಂಡ. ಬಸವ ಜಯಂತಿಯ ಹೊತ್ತಿಗೆ ಒಂಬತ್ತು. ಕಾರಹುಣ್ಣಿಮೆಗೆ ಒಂದು ವಾರವಿರುವಾಗ ಹನ್ನೆರಡು. ಮರುದಿನ ತಲೆ ಬಾಚಿಕೊಂಡು ಪಡಸಾಲೆಗೆ ಹೊರಟಳು.

ಅಲ್ಲೂ ಹನ್ನೆರಡೇ ಕಟ್ಟಿದಳು. ಸಾಬರ ಮುಂದೆ ಹೂವಿಟ್ಟು, ಸೆರಗು ಸರಿಸಿ ಕೈಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಚಾಚಿದಳು. "ನನ್ನ ಮೊಳ ಗಿಡ್ಡ ಐತ್ರಿ ಸಾಬ್ರ. ಆವತ್ತು ನನಗs ಗೊತ್ತಿರಲಿಲ್ಲ. ಈ ಕೈಲೆ ಹನ್ನೆರಡು ಆಗ್ಯಾವ. ನಿಮ್ಮ ಕೈಲೆ ಎಷ್ಟು ಆಗ್ತಾವ ನೋಡ್ರಿ."

ಯಾರೂ ನಗಲಿಲ್ಲ. ಸಾಬರು ಅಳೆದರು. ಒಂಬತ್ತೂವರೆ. ಹೂವು ಒತ್ತಾಗಿತ್ತು, ಅದನ್ನು ಬಾಯಿಬಿಟ್ಟೇ ಹೇಳಿದರು. ಆದರೆ ಹತ್ತಾಗಲಿಲ್ಲ.

ಹಂಪಕ್ಕನ ಮುಖ ಸಣ್ಣದಾಗಿತ್ತು. ತನ್ನ ರಾಶಿಯಿಂದ ಒಂದು ಮೊಳ ಹರಿದು ಇವಳ ತೊಡೆಯ ಕಡೆ ತಳ್ಳಿದಳು. "ಸೇರಿಸ್ಕೊಳವಾ. ಸಾಬ್ರು ಬ್ಯಾಡ ಅನ್ನಂಗಿಲ್ಲ. ಆವತ್ತು ನಾ ಹಂಗ ಅನಬಾರದಿತ್ತು."

ಸೇರಿಸಿಕೊಂಡಿದ್ದರೆ ಜಾಗ ಅವತ್ತೇ ಸಿಗುತ್ತಿತ್ತು.

"ಬ್ಯಾಡ ಹಂಪಕ್ಕ," ಎಂದಳು ನಾಗಲಿಂಗಮ್ಮ. "ಯುಗಾದ್ಯಾಗ ಮನ್ಯಾಗ ನಾಕು ಕಟ್ಟಿದ್ದೆ. ಇವತ್ತು ಹನ್ನೆರಡು ಕಟ್ಟೀನಿ. ನಡುವ ನಿಂದು ಒಂದು ಬಂತಂದ್ರ ನಾಳಿನ ನನ್ನ ಲೆಕ್ಕಾ ಯಾವುದಕ್ಕ ಹೋಲಿಸಿ ನೋಡ್ಲಿ?"

ಸಾಬರು ಹೂವನ್ನು ಪುಟ್ಟಿಗೆ ಹಾಕಿಕೊಂಡರು. "ಹತ್ತಾದ ದಿನ ಬರ್ರಿ. ಅಲ್ಲೀತನಕ ನಿಮ್ಮ ಜಾಗದಾಗ ಯಾರನ್ನೂ ಕೂಡ್ರಸಂಗಿಲ್ಲ."

ಕೆಲಸ ಸಿಗದೆ ಮನೆಗೆ ಹೊರಟವಳು ಹಾಗೆ ತಲೆಯೆತ್ತಿ ನಡೆದದ್ದನ್ನು ಆ ಓಣಿ ಎಂದೂ ನೋಡಿರಲಿಲ್ಲ. ಮೂವತ್ತು ಮೊಳ ಕಟ್ಟುತ್ತಿದ್ದ ಕಾಲದಲ್ಲೂ ಅವಳಿಗೆ ತನ್ನ ಮೇಲೆ ಇಷ್ಟು ಹೆಮ್ಮೆ ಬಂದಿರಲಿಲ್ಲ.

ಐದನೇ ದಿನ ಮತ್ತೆ ಬಂದಳು. ತನ್ನ ಕೈಯಲ್ಲಿ ಹದಿಮೂರು, ಸಾಬರ ಕೈಯಲ್ಲಿ ಹತ್ತು ತುಂಬಿ ಗೇಣು ಮಿಕ್ಕಿತು. ಸಾಬರು "ಭೇಷ್" ಎಂದರು. ನಾಗಲಿಂಗಮ್ಮ ಅದನ್ನೇ ಬಾಯಲ್ಲಿಟ್ಟುಕೊಂಡು ಮನೆಗೆ ಹೋಗಿ, ಎಮ್ಮೆಗೂ ಹೇಳಿ, ಗಂಡನಿಗೂ ಹೇಳಿ, ಹೋಳಿಗೆ ಮಾಡಿದಳು.

ಅವತ್ತು ಹಂಪಕ್ಕ ಮೂವತ್ತಮೂರು ಮೊಳ ಕಟ್ಟಿದ್ದಳಂತೆ. ನಾಗಲಿಂಗಮ್ಮನಿಗೆ ಅದು ಗೊತ್ತಾದದ್ದು ಮರುದಿನ, ಯಾರೋ ಹೇಳಿದ ಮೇಲೆ.